ಶನಿವಾರದ ಹಾಲು

ನನ್ನ ಜಾಗಕ್ಕೆ ಈಗ ಒಬ್ಬ ಹುಡುಗಿ ಬಂದಿದ್ದಾಳೆ. ಕೃಷಿ ಕಾಲೇಜಿನಲ್ಲಿ ಓದಿದವಳು, ಚುರುಕಾಗಿದ್ದಾಳೆ. ಮೊನ್ನೆ ಮನೆಗೆ ಬಂದು, "ಸಾರ್, ಈ ಕೆಲಸದಲ್ಲಿ ಮುಖ್ಯವಾಗಿ ಏನು ತಿಳ್ಕೊಂಡಿರ್ಬೇಕು?" ಎಂದು ಕೇಳಿದಳು. "ಹೊತ್ತು ಎಷ್ಟೊತ್ತಿಗೆ ಮುಳುಗುತ್ತೆ ಅಂತ ತಿಳ್ಕೊಂಡಿರಮ್ಮ" ಎಂದೆ. ತಮಾಷೆ ಎಂದುಕೊಂಡು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ. ಅವಳಿಗೆ ಅರ್ಥವಾಗಲಿ ಎಂದೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ದುಡಿದದ್ದು ಸೂಲಿಬೆಲೆ ಕಡೆಯ ಒಂದು ಅಡ್ವೆಂಟಿಸ್ಟ್ ಶಾಲೆಯ ತೋಟದಲ್ಲಿ. ನಾನು ಅವರ ಸಭೆಯವನಲ್ಲ. ನಮ್ಮದು ಮುನೇಶ್ವರನ ಒಕ್ಕಲು, ಹೆಸರೂ ಮುನಿರಾಜು. ಅಡ್ವೆಂಟಿಸ್ಟರು ಕ್ರೈಸ್ತರಲ್ಲೇ ಒಂದು ಪಂಗಡ. ಎಲ್ಲರಿಗೂ ಭಾನುವಾರವಾದರೆ ಇವರಿಗೆ ಶನಿವಾರ ಸಬ್ಬತ್. ಶುಕ್ರವಾರ ಹೊತ್ತು ಮುಳುಗಿದ್ದರಿಂದ ಹಿಡಿದು ಶನಿವಾರ ಹೊತ್ತು ಮುಳುಗುವ ತನಕ ದುಡಿಮೆ ಇಲ್ಲ, ಕೊಳ್ಳುವುದಿಲ್ಲ, ಮಾರುವುದಿಲ್ಲ, ಆಳಿಟ್ಟು ಮಾಡಿಸುವುದೂ ಇಲ್ಲ. ಹೆಂಡ, ಬೀಡಿಯ ಮಾತೇ ಇಲ್ಲ. ಬಹಳ ಜನ ಮಾಂಸ ಬಿಟ್ಟವರು, ಕಾಫಿ ಟೀ ಕೂಡ ಬಿಟ್ಟವರು. ಇದರ ಜೊತೆಗೆ ಅವರಲ್ಲಿ ಇನ್ನೊಂದು ಹಳೆಯ ಉಪದೇಶವಿದೆ. ಪಟ್ಟಣದ ಗದ್ದಲ ಬಿಡಿ, ಹಳ್ಳಿಯಲ್ಲೊಂದು ತುಂಡು ನೆಲ ಮಾಡಿಕೊಳ್ಳಿ, ಉಣ್ಣುವುದನ್ನು ಬೆಳೆದುಕೊಳ್ಳಿ, ಮಕ್ಕಳ ಕೈಗೆ ಮಣ್ಣು ಹತ್ತಲಿ ಎಂದು. ದೇವರು ಮೊದಲ ಮನುಷ್ಯನನ್ನು ಇಟ್ಟದ್ದು ತೋಟದಲ್ಲಿ ತಾನೇ, ಎನ್ನುತ್ತಾರೆ ಅವರು.

ನಮ್ಮ ಕಡೆಯವರೆಲ್ಲ ಹೊಲವನ್ನು ಲೇಔಟಿಗೆ ಕೊಟ್ಟು ಬೆಂಗಳೂರಿನ ಕಡೆ ಮುಖ ಮಾಡಿ ನಿಂತಿದ್ದಾಗ ಇವರಲ್ಲಿ ಕೆಲವರು ಬೆಂಗಳೂರಿಗೆ ಬೆನ್ನು ಹಾಕಿ ನಮ್ಮ ಕಡೆ ಬರುತ್ತಿದ್ದರು. ಹಾಗೆ ಬಂದವರಿಗೆ ಗುದ್ದಲಿ ಹಿಡಿಯುವುದನ್ನು ಕಲಿಸುವುದು ನನ್ನ ಅರ್ಧ ಕೆಲಸ. ಇನ್ನರ್ಧ ಶಾಲೆಯ ತೋಟ ನೋಡಿಕೊಳ್ಳುವುದು.

ಕೆಲಸ ಕೇಳಿಕೊಂಡು ಹೋದ ದಿನ ಪಾಸ್ಟರ್ ದೇವದಾನಂ ಅವರೇ ಎದುರು ಕೂತಿದ್ದರು. ಶಾಲೆಗೂ ತೋಟಕ್ಕೂ ಅವರೇ ಯಜಮಾನರು. ಕೋಲಾರದ ಕಡೆಯವರು, ಮಾತಿನಲ್ಲಿ ತೆಲುಗು ಇಣುಕುತ್ತಿತ್ತು. ನನ್ನ ಮುಂದೆ ಒಂದು ಲೋಟ ಇಟ್ಟರು. ಕಾಫಿ ಎಂದು ಆಸೆಯಿಂದ ಬಾಯಿಗಿಟ್ಟರೆ ರಾಗಿ ಗಂಜಿ. ನನ್ನ ಮುಖ ನೋಡಿ, "ಏಮಯ್ಯಾ, ಹಿಡಿಸ್ಲಿಲ್ವಾ?" ಎಂದರು. "ಚೆನ್ನಾಗಿದೆ ಸಾರ್" ಎಂದೆ. ಕೆಲಸ ಸಿಕ್ಕಿತು, ಕಾಫಿ ಹೋಯಿತು.

ನಮ್ಮಂಥವರಿಗೆ ಬೆಳಗ್ಗೆ ಕಾಫಿ ಇಲ್ಲದಿದ್ದರೆ ಕೈಕಾಲು ಆಡುತ್ತದೆಯೇ? ಮನೆಯಿಂದ ಫ್ಲಾಸ್ಕ್ ತಂದು ಪಂಪ್‌ಹೌಸಿನಲ್ಲಿ ಮೋಟಾರಿನ ಹಿಂದೆ ಬಚ್ಚಿಡುತ್ತಿದ್ದೆ. ಬಹಳ ದಿನ ಯಾರಿಗೂ ತಿಳಿದಿಲ್ಲವೆಂದೇ ನಂಬಿದ್ದೆ. ಒಂದು ಬೆಳಗ್ಗೆ ಪಾಸ್ಟರು ಬದುವಿನ ಮೇಲೆ ನಡೆದುಬಂದವರು ನಿಂತು ಮೂಗು ಅರಳಿಸಿ, "ಮುನಿರಾಜು, ಮೋಟಾರಿಗೆ ಆಯಿಲ್ ಬದಲು ಕಾಫಿ ಹುಯ್ತಾ ಇದ್ದೀಯೇನಪ್ಪಾ? ಒಳ್ಳೆ ಘಮಘಮ ಅಂತಿದೆ" ಎಂದರು. ನಾನು ಬೆವೆತುಹೋದೆ. ಅವರು ನಗುತ್ತಾ ಮುಂದೆ ಹೋದರು. ಆಮೇಲೆ ಅವರು ಆ ದಾರಿಯಲ್ಲಿ ಬರುವಾಗಲೆಲ್ಲ ದೂರದಿಂದಲೇ ಜೋರಾಗಿ ಕೆಮ್ಮುತ್ತಿದ್ದರು. ನನ್ನ ಕಾಫಿ ಮುಗಿಯಲಿ ಎಂದು ಕೊಡುತ್ತಿದ್ದ ಸೂಚನೆ ಅದು. ತಾವು ಪಾಲಿಸುವ ನೇಮವನ್ನು ಇನ್ನೊಬ್ಬನ ತಲೆಗೆ ಕಟ್ಟದ ಅಂಥ ಯಜಮಾನರನ್ನು ನಾನು ಮತ್ತೆ ನೋಡಲಿಲ್ಲ.

ನಮ್ಮೂರವರಿಗೆ ಅವರು ಅರ್ಥವಾಗಲು ಕಾಲ ಹಿಡಿಯಿತು. ನನ್ನ ತಮ್ಮನ ಮಗುವಿನ ಕೂದಲು ತೆಗೆಸಿದಾಗ ಬಾಡೂಟಕ್ಕೆ ಪಾಸ್ಟರನ್ನೂ ಕರೆದಿದ್ದೆವು. ಕ್ರೈಸ್ತರಲ್ಲವೇ ಎಂದು ನಮ್ಮಣ್ಣ ಅವರ ಎಲೆಗೆ ಒಳ್ಳೊಳ್ಳೆ ತುಂಡುಗಳನ್ನೇ ಆರಿಸಿ ಹಾಕಲು ಬಂದ. ಅವರು ಕೈ ಅಡ್ಡ ಇಟ್ಟರು. ಇಡೀ ಪಂಕ್ತಿ ಅವರ ಕಡೆ ತಿರುಗಿತು. "ಮನೇಲಿ ಬಸ್ಸಾರು ಇದ್ರೆ ಕೊಡಿ, ಮುದ್ದೆ ಎಷ್ಟಿದ್ರೂ ಹಾಕಿ" ಎಂದರು. ನಮ್ಮಮ್ಮ ಹಿಂದಿನ ದಿನದ ಬಸ್ಸಾರು ಬಿಸಿ ಮಾಡಿಕೊಟ್ಟಳು. ಅವರು ಮುದ್ದೆಯ ಮೇಲೆ ಮುದ್ದೆ ಮುರಿದು ನುಂಗಿದ್ದನ್ನು ನೋಡಿ, "ಈ ಅಯ್ಯನೋರು ನಮ್ಮೋರೇ ಕಣ್ರೋ" ಎಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರ ಬಗ್ಗೆ ಯಾರೂ ಕೊಂಕು ಆಡಲಿಲ್ಲ.

ಶಾಲೆಯ ತೋಟದಲ್ಲಿ ಹಾಸ್ಟೆಲಿನ ಮಕ್ಕಳು ಬೆಳಗ್ಗೆ ಕೆಲಸ ಮಾಡಬೇಕು, ಮೇಷ್ಟ್ರುಗಳೂ ಮಾಡಬೇಕು. ಗಣಿತದ ಮೇಷ್ಟ್ರು ಸಗಣಿ ಹೊರುವುದನ್ನು ನಾನು ಮೊದಲು ನೋಡಿದ್ದು ಅಲ್ಲಿ. ಮುಂಚೆ ಕಾಲುವೆಯಲ್ಲಿ ನೀರು ಬಿಡುತ್ತಿದ್ದೆವು. ಆಮೇಲೆ ಹನಿ ನೀರಾವರಿ ಬಂತು. ಪೈಪು ಹಾಸಿದ ಮೊದಲ ವರ್ಷ, ನೀರು ಕಣ್ಣಿಗೆ ಕಾಣಿಸುವುದಿಲ್ಲವಲ್ಲ ಎಂದು ನಾನೇ ರೇಗಾಡಿದ್ದೆ. ಇವತ್ತು ನಮ್ಮ ಕೊಳವೆಬಾವಿಗಳ ಸ್ಥಿತಿ ನೋಡಿದರೆ ಆ ಪೈಪುಗಳಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ನಮ್ಮಲ್ಲಿ ಕಪ್ಪು ದ್ರಾಕ್ಷಿಯೂ ಇತ್ತು. ಒಂದು ವರ್ಷ ಒಬ್ಬ ವ್ಯಾಪಾರಿ ಇಡೀ ತೋಟದ ಹಣ್ಣನ್ನು ಒಟ್ಟಿಗೆ ಕೇಳಿದ. ನಾನು ಹಿಗ್ಗಿಹೋದೆ. ಅದು ವೈನಿಗೆ ಹೋಗುತ್ತದೆಂದು ಗೊತ್ತಾದದ್ದೇ ಪಾಸ್ಟರು ಬೇಡವೆಂದರು. ಆ ಸುಗ್ಗಿಯಲ್ಲಿ ಮೇಷ್ಟ್ರು ಮಕ್ಕಳು ಎಲ್ಲ ಸೇರಿ ದ್ರಾಕ್ಷಿ ಬಿಡಿಸಿ, ಬುಟ್ಟಿಗೆ ತುಂಬಿ, ಹೊಸಕೋಟೆ ಸಂತೆಯಲ್ಲಿ ಕೂತು ಮಾರಿದೆವು. ಪಾಸ್ಟರೇ ತಕ್ಕಡಿ ಹಿಡಿದಿದ್ದರು. ತೂಕಕ್ಕಿಂತ ಒಂದು ಗೊಂಚಲು ಹೆಚ್ಚೇ ಹಾಕುತ್ತಿದ್ದರು. ವ್ಯಾಪಾರದಲ್ಲಿ ಅವರಷ್ಟು ದಡ್ಡರು ಇನ್ನಿಲ್ಲ ಎಂದು ನಾನು ಗೊಣಗಿದ್ದು ನೆನಪಿದೆ.

ಇಷ್ಟೆಲ್ಲ ಹೇಳಿದ್ದು ಗ್ರೇಸಮ್ಮನ ಕಥೆಗೆ ಬರಲು.

ಗ್ರೇಸಮ್ಮ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಗಂಡ ಸಮುವೇಲ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಒಬ್ಬಳು ಸಣ್ಣ ಮಗಳು. ಹಳ್ಳಿಗೆ ಹೋಗೋಣ ಎಂಬ ಹಟ ಗ್ರೇಸಮ್ಮನದು. ಹೆಂಡತಿಯ ಮಾತಿಗೆ ಸಮುವೇಲ ಹೊರಟುಬಂದಿದ್ದ. ನಮ್ಮೂರಿನಲ್ಲೇ ಒಂದು ಸಣ್ಣ ಜಮೀನು ಮಾಡಿಕೊಂಡು, ಹಿಪ್ಪುನೇರಳೆ ಹಾಕಿ, ರೇಷ್ಮೆ ಹುಳು ಸಾಕಲು ಒಂದು ಹುಳದ ಮನೆ ಕಟ್ಟಿಸಿದರು. ಎರಡು ಹಸು ತಂದರು. ಊರಿನವರು ಇವರು ಎಷ್ಟು ದಿನ ತಡೆಯುತ್ತಾರೋ ನೋಡೋಣ ಎಂದು ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡರು. ನನಗೂ ಅದೇ ಅನುಮಾನವಿತ್ತು.

ಹಸುಗಳಿಂದಲೇ ಮೊದಲ ತಕರಾರು ಶುರುವಾಯಿತು. ಶನಿವಾರ ಹಾಲು ಕರೆಯಬಹುದು, ಇಲ್ಲದಿದ್ದರೆ ಹಸುವಿಗೆ ನೋವಾಗುತ್ತದೆ. ಆದರೆ ಡೈರಿಗೆ ಹಾಕುವ ಹಾಗಿಲ್ಲ, ಅದು ಮಾರಾಟ. "ಹೆಪ್ಪು ಹಾಕಿ ಭಾನುವಾರ ಬೆಣ್ಣೆ ತೆಗಿಯಮ್ಮ, ಯಾಕೆ ಕಳ್ಕೋತೀಯ" ಎಂದು ನಾನು ದಾರಿ ತೋರಿಸಿದೆ. ಅವಳು ಕೇಳಲಿಲ್ಲ. ಶನಿವಾರ ಬೆಳಗ್ಗೆ ಕ್ಯಾನು ಹಿಡಿದು, ಮಕ್ಕಳಿರುವ ಮನೆಗೆ, ಮುದುಕರಿರುವ ಮನೆಗೆ, ಬಾಣಂತಿಯ ಮನೆಗೆ ಸುಮ್ಮನೆ ಹಾಲು ಕೊಟ್ಟು ಬರತೊಡಗಿದಳು. "ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ ಕಣಮ್ಮ ಇದು" ಎಂದೆ. "ವಾರಕ್ಕೆ ಒಂದಿನ ಹಸು ದೇವರದು ಅಣ್ಣ. ದೇವರ ಹಾಲು ನಾನ್ಯಾಕೆ ಬಚ್ಚಿಡ್ಲಿ?" ಎಂದಳು.

ಮೊದಲ ರೇಷ್ಮೆ ಬೆಳೆ ಕೆಟ್ಟ ರೀತಿಯನ್ನು ಹೊಸಬರು ಗಮನವಿಟ್ಟು ಓದಬೇಕು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಸಿವೆಂದರೆ ಹಸಿವು, ಎಷ್ಟು ಸೊಪ್ಪು ಸುರಿದರೂ ಸಾಲದು. ಶನಿವಾರ ಸೊಪ್ಪು ಕೊಯ್ಯುವ ಹಾಗಿಲ್ಲ. ಬೈಬಲಿನ ಕಥೆಯಲ್ಲಿ, ಅರಣ್ಯದಲ್ಲಿದ್ದ ಜನಕ್ಕೆ ದೇವರು ಆಕಾಶದಿಂದ ಮನ್ನ ಎಂಬ ಆಹಾರ ಸುರಿಸಿದಾಗ, ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಕೂಡಿಸಿಟ್ಟರೂ ಕೆಡಲಿಲ್ಲವಂತೆ. ಅದೇ ನಂಬಿಕೆಯಲ್ಲಿ ಗ್ರೇಸಮ್ಮ ಶುಕ್ರವಾರ ಮಧ್ಯಾಹ್ನದ ಬಿಸಿಲಿನಲ್ಲೇ ಎರಡರಷ್ಟು ಸೊಪ್ಪು ಕೊಯ್ದು, ಮೂಲೆಯಲ್ಲಿ ರಾಶಿ ಒಟ್ಟಿ, ಮೇಲೆ ಒದ್ದೆ ಗೋಣಿ ಮುಚ್ಚಿದಳು. ಶನಿವಾರ ಗೋಣಿ ಎತ್ತಿದರೆ ರಾಶಿಯ ಒಳಗೆ ಕೈಯಿಡಲಾಗದಷ್ಟು ಬಿಸಿ. ಆ ಬೆಂದ ಸೊಪ್ಪನ್ನೇ ಹುಳು ತಿಂದವು. ಸಪ್ಪೆ ರೋಗ ಬಂತು. ವಾರ ಕಳೆಯುವುದರಲ್ಲಿ ಎಲ್ಲ ಗುಂಡಿಗೆ ಸೇರಿತು.

ಗುಂಡಿ ಮುಚ್ಚುವಾಗ ನಾನು ಬಾಯಿ ತಡೆಯದೆ, "ಮನ್ನ ಕೆಡಲಿಲ್ಲ, ಸೊಪ್ಪು ಕೆಡ್ತು ನೋಡಮ್ಮ" ಎಂದೆ.

ಅವಳು ಮಣ್ಣೆಳೆಯುತ್ತಲೇ, "ಮನ್ನ ಇಟ್ಕೊಳ್ಳೋದು ಹೇಗೆ ಅಂತ ದೇವರು ಹೇಳಿದ್ರು. ಸೊಪ್ಪು ಇಟ್ಕೊಳ್ಳೋದು ಹೇಗೆ ಅಂತ ನೀವು ಹೇಳ್ಬೇಕಿತ್ತಲ್ವಾ ಅಣ್ಣ?" ಎಂದಳು.

ಅಂದಿನಿಂದ ಇಬ್ಬರೂ ಸೇರಿ ದಾರಿ ಹುಡುಕಿದೆವು. ಶುಕ್ರವಾರ ಬಿಸಿಲಿಳಿದ ಮೇಲೆ, ಹೊತ್ತು ಮುಳುಗುವುದರೊಳಗೆ, ತಂಪಿನಲ್ಲಿ ಕಡ್ಡಿ ಸಮೇತ ಕೊಯ್ಯುವುದು. ರಾಶಿ ಹಾಕದೆ, ಕಟ್ಟು ಸಡಿಲ ಮಾಡಿ, ಬುಡ ಒದ್ದೆ ಮರಳಿನಲ್ಲಿರುವಂತೆ ಗೋಡೆಗೆ ನಿಲ್ಲಿಸುವುದು. ಸುತ್ತ ಒದ್ದೆ ಗೋಣಿಯ ಪರದೆ ಕಟ್ಟುವುದು. ಹಾಗಿಟ್ಟ ಸೊಪ್ಪು ಶನಿವಾರ ಸಂಜೆಗೂ ನಳನಳಿಸುತ್ತಿತ್ತು. ಎರಡನೇ ಬೆಳೆ ಕೈಗೆ ಬಂತು, ಸುಮಾರಾಗಿ. ಆಮೇಲೆ ನಮ್ಮೂರಿನ ಬೇರೆ ಮನೆಗಳವರೂ, ಹಬ್ಬಕ್ಕೆ ನೆಂಟರ ಮನೆಗೆ ಹೋಗಬೇಕಾದಾಗ ಸೊಪ್ಪನ್ನು ಹೀಗೇ ನಿಲ್ಲಿಸಿಟ್ಟು ಹೋಗುತ್ತಿದ್ದರು.

ಸಮುವೇಲನಿಗೆ ಮಾತ್ರ ಸಾಕಾಗಿತ್ತು. ಮೂರನೇ ಬೆಳೆಯ ಹೊತ್ತಿಗೆ ಅವನು ನನ್ನನ್ನು ಬೇಲಿಯ ಹತ್ತಿರ ಕರೆದು, "ಮುನಿರಾಜಣ್ಣ, ಇದೊಂದು ಬೆಳೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ವಾಪಸ್ ಹೋಗ್ಬಿಡ್ತೀವಿ. ಸಿಟೀಲಿ ಬಾಡಿಗೆ ಮನೆ ನೋಡಿದೀನಿ. ಗ್ರೇಸ್‌ಗೂ ಹೇಳಿದೀನಿ, ಒಪ್ಕೊಂಡಿದಾಳೆ" ಎಂದ. ಅವಳು ಒಪ್ಪಿದ್ದು ಕೇಳಿಯೇ ನನಗೆ ಸಂಕಟವಾಯಿತು. ಈ ನೆಲ ಬಿಟ್ಟು ಹೋದರೆ ಅವಳು ಬದುಕಿರುತ್ತಾಳೆ, ಆದರೆ ಅವಳ ಮುಖದಲ್ಲಿನ ಆ ಬೆಳಕು ಇರುವುದಿಲ್ಲ ಅನ್ನಿಸಿತು.

ರೇಷ್ಮೆಯಲ್ಲಿ ಇನ್ನೊಂದು ಗಂಡಾಂತರವಿದೆ. ಬಲಿತ ಹುಳು ಒಂದು ದಿನ ಮೇಯುವುದನ್ನು ಬಿಟ್ಟು, ಮೈ ಹೊಳಪಾಗಿ, ತಲೆಯೆತ್ತಿ ಆಡಿಸುತ್ತದೆ. ಹಣ್ಣಾಯಿತು ಎನ್ನುತ್ತೇವೆ. ಆಗ ತಡಮಾಡದೆ ಅವನ್ನು ಆರಿಸಿ, ಗೂಡು ಕಟ್ಟಲು ಚಂದ್ರಂಕಿಗೆ, ಅಂದರೆ ಬಿದಿರಿನ ಸುತ್ತು ಹೆಣೆದ ತಟ್ಟೆಗೆ ಬಿಡಬೇಕು. ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಹುಳು ಶನಿವಾರ ಹಣ್ಣಾಗಬಾರದು. ಆದ್ದರಿಂದ ಮರಿಹುಳು ತರುವಾಗಲೇ ಹಿಂದಕ್ಕೆ ಎಣಿಸಿ ದಿನ ಗೊತ್ತುಮಾಡಿ ತರುವುದು ನಮ್ಮ ಪದ್ಧತಿ. ಇದು ಬೇರೆ ಯಾವ ರೇಷ್ಮೆ ಬೆಳೆಗಾರನಿಗೂ ಇಲ್ಲದ ಲೆಕ್ಕ. ಈ ಸಲವೂ ಗುರುವಾರ ಹಣ್ಣಾಗುವಂತೆ ಎಣಿಸಿದ್ದೆ. ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು. ಮಾಗಿಯ ಚಳಿ ಎಂದಿಲ್ಲದಂತೆ ಬಿಗಿಯಿತು. ಕೆಂಡದ ಬಾಣಲೆ ಇಟ್ಟರೂ ಹುಳು ನಿಧಾನಿಸಿದವು. ಗುರುವಾರ ಇನ್ನೂ ಮೇಯುತ್ತಿದ್ದವು. ಶುಕ್ರವಾರ ಹೊತ್ತು ಮುಳುಗುವಾಗಲೂ ಮೇಯುತ್ತಿದ್ದವು.

ಶನಿವಾರ ಬೆಳಗ್ಗೆ ನಾನು ಹುಳದ ಮನೆಗೆ ಹೋದಾಗ ಮೇವಿನ ತಟ್ಟೆಗಳ ತುಂಬ ಹುಳು ತಲೆಯೆತ್ತಿ ಆಡಿಸುತ್ತಿದ್ದವು.

ಗ್ರೇಸಮ್ಮ ಊರಿಗೆಲ್ಲ ಹಾಲು ಕೊಟ್ಟು ಬಂದು, ಮಗಳಿಗೆ ಜಡೆ ಹಾಕಿ, ಆರಾಧನೆಗೆ ಹೊರಟು ನಿಂತಿದ್ದಳು. ಅವಳೂ ಹುಳು ನೋಡಿದ್ದಳು.

"ಸಬ್ಬತ್ ದಿನ ಎತ್ತು ಗುಂಡಿಗೆ ಬಿದ್ರೆ ಎತ್ತಬಹುದು ಅಂತ ನಿಮ್ಮ ಏಸುಸ್ವಾಮೀನೇ ಹೇಳಿಲ್ವೇನಮ್ಮ? ಪಾಸ್ಟ್ರೇ ಹೇಳೋದನ್ನ ಕೇಳಿದೀನಿ" ಎಂದೆ.

"ಹೇಳಿದಾರೆ ಅಣ್ಣ. ಅದಕ್ಕೇ ಬೆಳಗ್ಗೆ ಸೊಪ್ಪು ಹಾಕಿದೆ, ಹಸಿವು ಅಂತ. ಆದ್ರೆ ಮೇವು ಹಾಕೋದು ಬೇರೆ, ಬೆಳೆ ಎತ್ಕೊಳ್ಳೋದು ಬೇರೆ. ಎತ್ತು ತಾನಾಗೇ ಬಿದ್ದಿತ್ತು. ಈ ಹುಳಾನ ಗುಂಡಿಗೆ ತಂದಿದ್ದು ನಾವೇ, ಲಾಭ ಬೇಕು ಅಂತ."

ಸಮುವೇಲ ಪಾಸ್ಟರಿಗೆ ಫೋನು ಮಾಡಿ ಕೇಳಿದ. "ನಾನು ಮಾಡು ಅನ್ನಲ್ಲ, ಬೇಡ ಅನ್ನಲ್ಲ. ಅದು ಆ ತಾಯಿ ಮನಸ್ಸಾಕ್ಷಿ" ಎಂದರಂತೆ. ಸಮುವೇಲ ಹೆಂಡತಿಯ ಮುಖ ನೋಡಿದ. ಬೆಳೆ ಹೋದರೆ ಏನು ಮಾಡುವುದೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಗ್ರೇಸಮ್ಮ ಮಗಳ ಕೈ ಹಿಡಿದು, "ಹೋಗ್ಬರ್ತೀವಿ ಅಣ್ಣ" ಎಂದು ಹೊರಟಳು. ಸಮುವೇಲನೂ ಅವಳ ಹಿಂದೆ ಹೋದ. ನನಗೆ ಮೈಯೆಲ್ಲ ಉರಿಯಿತು. ಇಂಥ ಮೊಂಡು ಹೆಂಗಸಿಗೆ ಬುದ್ಧಿ ಹೇಳಲು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ ಎಂದು ಬಾಯಿಗೆ ಬಂದದ್ದು ಬೈದುಕೊಂಡು ಬಾಗಿಲಲ್ಲೇ ಕೂತೆ.

ಅಷ್ಟರಲ್ಲಿ ಪಿಳ್ಳಮ್ಮ ಬಂದಳು. ಪಕ್ಕದ ಹೊಲದವಳು, ನನಗಿಂತ ಹಿರಿಯಳು, ಹುಟ್ಟಿದಾಗಿನಿಂದ ರೇಷ್ಮೆ ಮನೆಯಲ್ಲೇ ಬೆಳೆದವಳು. ಹಾಲಿನ ತಂಬಿಗೆ ವಾಪಸು ಕೊಡಲು ಬಂದು ಒಳಗೆ ಇಣುಕಿದಳು.

"ಅಯ್ಯೋ ಶಿವನೇ! ಹುಳ ಹಣ್ಣಾಗಿ ಕೂತದೆ, ನೀನೇನ್ಲಾ ಮುನಿರಾಜ ಬಾಗ್ಲು ಕಾಯ್ತಾ ಇದ್ದೀಯ?"

"ಅವ್ರು ಇವತ್ತು ಮುಟ್ಟಂಗಿಲ್ಲ ಕಣಕ್ಕ. ಆಳಿಟ್ಟು ಮಾಡಿಸಂಗೂ ಇಲ್ಲ."

"ಯಾವಳ್ಲಾ ಆಳು?" ಎಂದು ತಂಬಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ನಾನು ಆಳಾ?"

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟವಳು, ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದಳು. ಒಬ್ಬೊಬ್ಬರ ತಲೆಯ ಮೇಲೂ ಅವರವರ ಮನೆಯ ಚಂದ್ರಂಕಿ. ವಿಜಯಪುರದಿಂದ ತವರಿಗೆ ಬಂದಿದ್ದ ಬಾಣಂತಿ ಶಬಾನಾ ಕೂಡ ಮಗುವನ್ನು ತಾಯಿಯ ಕೈಗೆ ಕೊಟ್ಟು ಬಂದಿದ್ದಳು. ನಾನೂ ಕೈ ಹಾಕಿದೆ. ಹಣ್ಣು ಹುಳು ಆರಿಸುವಾಗ ಮಾತು ಕಡಿಮೆಯೇ.

ಮಧ್ಯಾಹ್ನ ಕಳೆದು ಗ್ರೇಸಮ್ಮ ಬಂದಾಗ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಗೇಟಿನ ಹತ್ತಿರವೇ ನಿಂತುಬಿಟ್ಟಳು. ನಾನು ಎದ್ದು, "ನಾನು ಕರೀಲಿಲ್ಲ ಕಣಮ್ಮ" ಎಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಪಿಳ್ಳಮ್ಮಕ್ಕ, ಬೇಡ. ನಾನು ಕೂಲಿ ಕೊಡೋ ಹಾಗಿಲ್ಲ."

"ಯಾರವ್ವ ಕೇಳಿದ್ದು?"

"ಮುಯ್ಯಾಳು ಅಂತ ನಾಳೆ ನಿಮ್ ಮನೆ ಕೆಲ್ಸಕ್ಕೆ ಬಂದು ತೀರಿಸ್ಲಾ ಅಂದ್ರೆ ಅದೂ ಕೂಲೀನೇ ಅಲ್ವಾ?"

ಪಿಳ್ಳಮ್ಮ ಹುಳು ತುಂಬಿದ ಚಂದ್ರಂಕಿಯನ್ನು ನೆರಳಿಗೆ ಒರಗಿಸಿ ಈಚೆ ಬಂದಳು. "ನೋಡವ್ವ. ನೀನು ಬಂದಾಗ್ಲಿಂದ ಶನಿವಾರ ಶನಿವಾರ ನಮ್ ಮನೆ ಮಕ್ಳಿಗೆ ಹಾಲು ಹುಯ್ದೆ. ಎಂದಾದ್ರೂ ದುಡ್ಡು ಕೇಳಿದ್ಯಾ? ನಾವು ಮುಯ್ಯಿ ತೀರಿಸ್ತೀವಿ ಅಂದ್ವಾ? ದೇವ್ರ ಹಾಲು ಅಂದೆ, ಇಸ್ಕೊಂಡು ಕುಡಿದ್ವಿ. ಇದು ದೇವ್ರ ಕೆಲ್ಸ ಅಂತೀವಿ, ಈಗ ನೀನು ಇಸ್ಕೋ. ಕೊಡಾಕೆ ಬರೋಳ್ಗೆ ಇಸ್ಕೊಳಾಕೆ ಬರಾಕಿಲ್ವಾ?"

ಗ್ರೇಸಮ್ಮ ಅಲ್ಲೇ ಹೊಂಗೆ ಮರದ ಬುಡದಲ್ಲಿ ಕುಸಿದು ಕೂತು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆ ಗಟ್ಟಿಗಿತ್ತಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಕಣ್ಣೂ ತುಂಬಿ ಬಂತು. ಅವಳು ಹುಳು ಮುಟ್ಟಲಿಲ್ಲ, ಯಾರನ್ನೂ ತಡೆಯಲೂ ಇಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೆಲ್ಲಗೆ ಕೀರ್ತನೆ ಹಾಡುತ್ತಿದ್ದಳು. ಒಳಗೆ ಹೆಂಗಸರು ಹುಳು ಆರಿಸುತ್ತಿದ್ದರು. ಹೊತ್ತು ಮುಳುಗಿತು. ಅವಳು ಎದ್ದು ಒಳಗೆ ಬಂದು, ಒಂದೊಂದು ಚಂದ್ರಂಕಿಯ ಮುಂದೆಯೂ ನಿಂತು ನೋಡಿದಳು. ಹುಳು ಆಗಲೇ ನೂಲು ಬಿಡುತ್ತಿದ್ದವು. ಹೊರಗೆ ಸಮುವೇಲ ಫೋನಿನಲ್ಲಿ ಮಾತಾಡುತ್ತಿದ್ದ. "ಮನೆ ಬೇರೆಯವ್ರಿಗೆ ಕೊಟ್ಬಿಡಿ ಸಾರ್. ಇಲ್ಲ, ನಾವು ಬರಲ್ಲ. ಬರಲ್ಲ ಸಾರ್."

ಗೂಡು ಬಿಡಿಸುವಾಗ ಬಂದ ಬೆಳೆ ಚೆನ್ನಾಗಿತ್ತು ಎನ್ನುವುದನ್ನು ನಾನು ಕೊನೆಗೆ ಹೇಳುತ್ತಿದ್ದೇನೆ. ಏಕೆಂದರೆ ಅದು ಚೆನ್ನಾಗಿಲ್ಲದಿದ್ದರೂ ಸಮುವೇಲ ಹೋಗುತ್ತಿರಲಿಲ್ಲ. ಫೋನು ಮಾಡಿದಾಗ ಗೂಡು ಇನ್ನೂ ಕಟ್ಟಿರಲೇ ಇಲ್ಲ.

ಸೋಮವಾರ ಪಾಸ್ಟರಿಗೆ ಎಲ್ಲ ಒಪ್ಪಿಸಿದೆ. ಅವರು, "ನಾನು ಇಷ್ಟು ವರ್ಷ ಸಭೇಲಿ ನಿಂತು ಪ್ರಸಂಗ ಮಾಡಿದೀನಿ ಮುನಿರಾಜು. ಆ ಪಿಳ್ಳಮ್ಮನ್ನ ಒಂದು ಶನಿವಾರ ಕರ್ಕೊಂಡು ಬಾ, ಪ್ರಸಂಗ ಅವಳು ಮಾಡ್ಲಿ, ನಾನು ಕೆಳಗೆ ಕೂತ್ಕೋತೀನಿ" ಎಂದರು. ಪಿಳ್ಳಮ್ಮನಿಗೆ ಹೇಳಿದರೆ, "ನಂಗೆ ಅಲ್ಲೆಲ್ಲ ಬರಾಕೆ ಪುರುಸೊತ್ತಿಲ್ಲ" ಎಂದುಬಿಟ್ಟಳು.

ಹೊಸದಾಗಿ ಬಂದಿರುವ ನಮ್ಮ ಹುಡುಗಿಗೆ ನಾನು ಹೇಳುವುದು ಇಷ್ಟೇ. ಸೊಪ್ಪು ನಿಲ್ಲಿಸಿಡುವುದನ್ನು ಕಲಿಸು, ಚಳಿಗಾಲದಲ್ಲಿ ಎಣಿಕೆಯನ್ನು ಹಿಗ್ಗಿಸಿ ಇಟ್ಟುಕೋ, ಹೊತ್ತು ಮುಳುಗುವುದನ್ನು ನೋಡು. ಆದರೆ ಯಾರಾದರೂ ಶನಿವಾರದ ಹಾಲನ್ನು ಹಂಚಲು ಹೊರಟರೆ, ಬೆಣ್ಣೆ ತೆಗಿ ಎಂದು ಬುದ್ಧಿ ಹೇಳಲು ಹೋಗಬೇಡ.

ನಾನು ನಿವೃತ್ತನಾದ ಮೇಲೆ ನಮ್ಮ ಮನೆಯೂ ಮುದುಕರಿರುವ ಮನೆಗಳ ಸಾಲಿಗೆ ಸೇರಿತು. ಶನಿವಾರ ಬೆಳಗ್ಗೆ ಗ್ರೇಸಮ್ಮ ಕ್ಯಾನು ಹಿಡಿದು ಬರುತ್ತಾಳೆ. ದೇವರ ಹಾಲನ್ನು ನಾನು ಏನು ಮಾಡುತ್ತೇನೆಂದು ಅವಳಿಗೆ ಚೆನ್ನಾಗಿ ಗೊತ್ತು. ಒಲೆಯ ಮೇಲೆ ಡಿಕಾಕ್ಷನ್ ಘಮಘಮಿಸುತ್ತಿರುತ್ತದೆ. ಅವಳು ಅಂಗಳಕ್ಕೆ ಬರುವ ಮುಂಚೆ, ಬೀದಿಯಲ್ಲೇ, ಥೇಟ್ ಪಾಸ್ಟರ ಹಾಗೆ ಜೋರಾಗಿ ಕೆಮ್ಮುತ್ತಾಳೆ. ಹಾಲು ಹುಯ್ದು ಹೋಗುವಾಗ ನರ್ಸಿನ ದನಿಯಲ್ಲಿ, "ಸಕ್ಕರೆ ಕಮ್ಮಿ ಹಾಕ್ಕೊಳ್ಳಿ ಅಣ್ಣ" ಎನ್ನುತ್ತಾಳೆ.